ವರ್ಷಕ್ಕೆ ನಾಲ್ಕು ಬೆರಳು ಬೆಳೆಯುವ ಗಿಡ

ಕೆಲಸಕ್ಕೆ ಸೇರಿದ ಮೂರನೆಯ ದಿನವೇ ನಾನು ಒಂದು ಮಡಿ ಥೂಜಾ ಸಸಿಗಳನ್ನು ಕಳೆಯೆಂದು ತಿಳಿದು ಕಿತ್ತುಹಾಕಿದೆ. ತೋಟಗಾರಿಕೆಗೆ ಹೊಸದಾಗಿ ಬರುತ್ತಿರುವವರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ. ಬಡ್ತಿ, ವರ್ಗಾವಣೆಯ ವಿವರಗಳೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿವೆ. ಅದರಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಅದು ಎಪ್ಪತ್ತರ ದಶಕದ ಆರಂಭ. ಚನ್ನಗಿರಿಯ ಹೊರಗೆ ಒಂದು ಸಣ್ಣ ಸರ್ಕಾರಿ ನರ್ಸರಿ. ನನ್ನ ಅಪ್ಪ ಉಬ್ರಾಣಿಯಲ್ಲಿ ಹೊಲಗೆಲಸ ಮಾಡುತ್ತಿದ್ದವರು. ಅವರ ಬೆನ್ನ ಹಿಂದೆ ಸಾಲು ಹಿಡಿದು ಕಳೆ ಕಿತ್ತೇ ಬೆಳೆದ ನನಗೆ ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ಥೂಜಾ ಗಿಡವನ್ನು ಎಲ್ಲರೂ ನೋಡಿರುತ್ತಾರೆ. ಬೀಸಣಿಗೆಯಂತೆ ಚಪ್ಪಟೆಯಾದ ಎಲೆ, ಕೆಳಗೆ ಅಗಲ, ಮೇಲೆ ಮೊನಚು, ಯಾರೋ ಕೂತು ತಿದ್ದಿದಂತಹ ಆಕಾರ. ಶಾಲೆಯ ಮಕ್ಕಳು ವಿದ್ಯೆ ಬರುತ್ತದೆಂದು ಪುಸ್ತಕದ ನಡುವೆ ಇಟ್ಟುಕೊಳ್ಳುವ ಎಲೆ ಇದರದೇ. ಆದರೆ ಬೀಜದಿಂದ ಎದ್ದ ಎಳೆ ಸಸಿ ಹಾಗಿರುವುದಿಲ್ಲ. ಅದಕ್ಕೆ ಸೂಜಿಯಂಥ ಎಲೆ. ದೊಡ್ಡ ಗಿಡಕ್ಕೂ ಅದಕ್ಕೂ ಸಂಬಂಧವೇ ಇದ್ದಂತೆ ಕಾಣುವುದಿಲ್ಲ. ನಾನು ಕಳೆ ಕೀಳುವ ಕುರ್ಚಿಗೆಯನ್ನು ಹಿಡಿದು ಕೂತವನು ಬೆಳಗಿನ ಚಹಾ ಬರುವಷ್ಟರಲ್ಲಿ ಮಡಿಯನ್ನು ಅಂಗೈಯಂತೆ ಸ್ವಚ್ಛ ಮಾಡಿಟ್ಟೆ.

ನರ್ಸರಿಯ ಮೇಸ್ತ್ರಿ ಹಾಲಪ್ಪನವರು ಬಂದರು. ಮಡಿ ನೋಡಿದರು, ಬದುವಿನ ಮೇಲಿದ್ದ ನನ್ನ ಗುಡ್ಡೆ ನೋಡಿದರು. ಬೈಯಲಿಲ್ಲ. ತಲೆಯ ಟವಲು ಬಿಚ್ಚಿ ನೀರಲ್ಲಿ ಅದ್ದಿ ಗುಡ್ಡೆಯ ಮೇಲೆ ಹೊದಿಸಿದರು.

"ತಿಪ್ಪೇಶಿ, ನೀನು ಕಿತ್ತಿದ್ದು ಕಳೆಯಲ್ಲೋ ಮಾರಾಯ. ಇವು ಮಾರಾಕೆ ಬರಬೇಕಂದ್ರೆ ಮೂರು ವರ್ಷ ಬೇಕು. ಮೂರು ವರ್ಷಾನ ಚಾ ಬರೋದ್ರೊಳಗೆ ಕಿತ್ತು ಹಾಕಿದೀಯಲ್ಲ!"

ಸಂಬಳ ಕೈಗೆ ಬರುವ ಮೊದಲೇ ಕೆಲಸ ಹೋಯಿತೆಂದುಕೊಂಡೆ. ಹಾಲಪ್ಪನವರು ಪಕ್ಕದಲ್ಲಿ ಕೂತು, ಒದ್ದೆ ಟವಲಿನಡಿಯಿಂದ ಒಂದೊಂದೇ ಸಸಿ ತೆಗೆದು, ಕಡ್ಡಿಯಿಂದ ತೂತು ಮಾಡಿ ಮತ್ತೆ ನೆಡತೊಡಗಿದರು. ನಾನೂ ನೆಟ್ಟೆ. ಮೇಲೆ ತೆಂಗಿನ ಗರಿಯ ನೆರಳು ಕಟ್ಟಿದೆವು. ಅರ್ಧದಷ್ಟು ಉಳಿದವು. ಮುಂದಿನ ವಾರ ಇಲಾಖೆಯ ಸಾಹೇಬರು ಬಂದು "ಏನ್ರಿ, ಈ ಮಡಿ ಇಷ್ಟು ತೆಳುವಾಗಿದೆ?" ಎಂದಾಗ ನಾನೇ ಮುಂದೆ ಹೋಗಿ ನಡೆದದ್ದನ್ನು ಹೇಳಿಬಿಟ್ಟೆ. ಅವರು ಹಾಲಪ್ಪನವರ ಮುಖ ನೋಡಿದರು.

"ಹುಡುಗ ಕೀಳಾಕೂ ಕಲ್ತ, ನೆಡಾಕೂ ಕಲ್ತ ಸಾಹೇಬ್ರೆ. ಒಂದೇ ದಿನದಾಗೆ," ಎಂದರು ಹಾಲಪ್ಪ. ಸಾಹೇಬರು ನಕ್ಕುಬಿಟ್ಟರು. ನನಗೆ ಮಾತ್ರ ಆ ಹೊತ್ತಿನಿಂದ ಥೂಜಾದ ಮೇಲೆ ಒಂದು ಥರದ ಋಣ ಹುಟ್ಟಿಕೊಂಡಿತು.

ಎರಡನೆಯ ತಪ್ಪೂ ಚನ್ನಗಿರಿಯಲ್ಲೇ ಆಯಿತು. ಪೇಟೆಯ ವಕೀಲರೊಬ್ಬರ ಮನೆ ಮುಂದೆ ಚಾಪೆಯಗಲದ ಕೈತೋಟ. ಅದರ ನಡುವೆ ಎದೆಯೆತ್ತರದ ಥೂಜಾ. ಅದನ್ನು ಕಳಸದ ಆಕಾರಕ್ಕೆ ಕತ್ತರಿಸಿಕೊಡಬೇಕೆಂದು ವಕೀಲರ ಹೆಂಡತಿ ಹೇಳಿಕಳಿಸಿದರು. ದಾಸವಾಳ, ಮೆಹೆಂದಿ ಬೇಲಿ ಕತ್ತರಿಸಿ ಕೈ ಪಳಗಿತ್ತು. ಎಷ್ಟು ಕತ್ತರಿಸಿದರೂ ಮತ್ತೆ ಚಿಗುರುವುದು ಗಿಡದ ಧರ್ಮ ಎಂದುಕೊಂಡು ದೊಡ್ಡ ಕತ್ತರಿ ಹಿಡಿದು ಒಂದು ಮಗ್ಗುಲನ್ನು ಆಳವಾಗಿ ತೆಗೆದೆ. ಹಸಿರು ಮುಗಿದು ಒಳಗಿನ ಕಂದು ಕಡ್ಡಿಗಳು ಕಾಣಿಸಿದವು. ಚಿಗುರುತ್ತವೆ ಎಂದು ಹೇಳಿ ಬಂದೆ.

ಚಿಗುರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು, ಮಳೆಗಾಲವೂ ಹೋಯಿತು. ಪ್ರತಿ ಭಾನುವಾರ ಗೇಟಿನ ಹೊರಗೆ ನಿಂತು ಇಣುಕುತ್ತಿದ್ದೆ. ಒಂದು ದಿನ ಆ ತಾಯಿ ನನ್ನನ್ನು ಹಿಡಿದೇಬಿಟ್ಟರು.

"ಏನಪ್ಪಾ, ಮನುಷ್ಯರ ಕ್ಷೌರ ಅಂದ್ಕೊಂಡಿದ್ಯೇನು, ಹದಿನೈದು ದಿನಕ್ಕೆ ಕೂದಲು ಬರಾಕೆ? ನಮ್ಮನೆಯೋರು ಕೋರ್ಟಿಗೆ ಹೋಗೋವಾಗ ದಿನಾ ಅದರ ಬೋಳು ಮುಖ ನೋಡ್ಕಂಡು ಹೋಗ್ತಾರೆ. ಕೇಸು ಸೋತ್ರೆ ನಿನ್ನ ಹೆಸರೇ ಹೇಳ್ತಾರೆ!"

ಹಾಲಪ್ಪನವರು ಬಂದು ನೋಡಿ ತಲೆಯಾಡಿಸಿದರು. ಈ ಜಾತಿಯ ಗಿಡದಲ್ಲಿ ಹಸಿರು ಇರುವಲ್ಲಿ ಮಾತ್ರ ಜೀವ ಮುಂದುವರಿಯುತ್ತದೆ, ಹಳೆಯ ಕಡ್ಡಿಗೆ ಮರುಹುಟ್ಟಿಲ್ಲ ಎಂದು ನನಗೆ ತಿಳಿದದ್ದು ಆಗ. ಅವರು ಅಕ್ಕಪಕ್ಕದ ಎರಡು ಹಸಿರು ಕೊಂಬೆಗಳನ್ನು ಮೆಲ್ಲಗೆ ಬಗ್ಗಿಸಿ, ಬೋಳಾದ ಜಾಗಕ್ಕೆ ಅಡ್ಡವಾಗಿ ತಂದು, ತೆಂಗಿನ ನಾರಿನ ಹುರಿಯಿಂದ ಸಡಿಲವಾಗಿ ಕಟ್ಟಿದರು. ಬೋಳು ಮುಚ್ಚಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಮನೆಯಲ್ಲಿ ನಾನು ಎಷ್ಟು ಸಲ ಮಂಡಕ್ಕಿ ತಿಂದೆನೋ ಲೆಕ್ಕವಿಲ್ಲ. ಕಿರಿಯರಿಗೆ ನಾನು ಹೇಳುವುದಿಷ್ಟೇ: ಥೂಜಾಕ್ಕೆ ಕತ್ತರಿ ಹಿಡಿದಾಗ ಹಸಿರಿನ ತುದಿಯಲ್ಲೇ ನಿಲ್ಲಿ. ತಪ್ಪಾದರೆ ಓಡಿಹೋಗಬೇಡಿ, ಗೇಟಿನ ಹತ್ತಿರವೇ ಇರಿ.

ಅಲ್ಲಿಂದ ನನಗೆ ನ್ಯಾಮತಿಗೆ ವರ್ಗವಾಯಿತು. ಆಗ ಅದು ಹೊನ್ನಾಳಿ ತಾಲ್ಲೂಕಿನೊಳಗಿನ ಊರು. ವಾರದಲ್ಲಿ ನಾಲ್ಕು ದಿನ ನ್ಯಾಮತಿಯ ಪುಟ್ಟ ನರ್ಸರಿ, ಎರಡು ದಿನ ಬಸ್ಸಿನಲ್ಲಿ ಹೊನ್ನಾಳಿ. ಹೊಂಬಣ್ಣದ ಗಿಡ್ಡ ಥೂಜಾಕ್ಕೆ ಆ ಕಾಲದಲ್ಲಿ ಬಹಳ ಬೇಡಿಕೆ. ಹೊಸ ತಾರಸಿ ಮನೆ ಕಟ್ಟಿದವರೆಲ್ಲ ಬಾಗಿಲ ಎಡಬಲಕ್ಕೆ ಒಂದೊಂದು ಬೇಕೆನ್ನುತ್ತಿದ್ದರು. ಆದರೆ ನಾವು ಬೀಜದಿಂದ ಬೆಳೆಸಿಕೊಡುತ್ತಿದ್ದ ಸಸಿಗಳಲ್ಲಿ ಎಷ್ಟೋ ಗಿಡಗಳು ಎರಡು ವರ್ಷಕ್ಕೆ ಬರೀ ಹಸಿರಾಗಿ ನಿಲ್ಲುತ್ತಿದ್ದವು. ಸವಳಂಗದ ಒಬ್ಬರು ಗಿಡವನ್ನೇ ಬಸ್ಸಿನಲ್ಲಿ ಹೊತ್ತು ತಂದು ನನ್ನ ಮುಂದಿಟ್ಟು "ಚಿನ್ನ ಅಂದ್ರಿ, ಹಿತ್ತಾಳೇನೂ ಅಲ್ಲ ಇದು" ಎಂದಿದ್ದರು. ಈ ಕಷ್ಟಕ್ಕೆ ದಾರಿ ಸಿಕ್ಕಿದ್ದು ಒಂದು ಹೆಣ್ಣುಮಕ್ಕಳ ಶಾಲೆಯಿಂದ.

ಹೊನ್ನಾಳಿಯ ಆ ಶಾಲೆಯಲ್ಲಿ ಗಿರಿಜಮ್ಮ ಎಂಬ ಟೀಚರಿದ್ದರು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು, ಆಮೇಲೆ ಓದಿ ಕೆಲಸ ಹಿಡಿದವರು. ಶಾಲೆಯ ಪಕ್ಕದಲ್ಲೇ ಬಾಡಿಗೆ ಮನೆ. ಮುಂದೆ ಎರಡು ಮಂಚ ಹಾಕುವಷ್ಟು ಅಂಗಳ. ಮೊದಲ ಸಂಬಳ ಬಂದ ತಿಂಗಳು ಕೊಂಡ ಹೊಂಬಣ್ಣದ ಥೂಜಾ ಅಲ್ಲಿತ್ತು. ಮೊಣಕಾಲೆತ್ತರದ ಗಿಡ, ಸೊಗಸಾದ ಬಣ್ಣ. ಆದರೆ ಅವರು ನನ್ನನ್ನು ಕರೆಸಿದ್ದು ಒಂದು ದೂರು ಹೇಳಲು.

"ನೋಡಿ ತಿಪ್ಪೇಶಪ್ಪ, ನನ್ನ ಮಕ್ಕಳೇ ಇದನ್ನ ಬೋಳಿಸ್ತಾ ಅದಾವೆ. ಪರೀಕ್ಷೆ ಹತ್ರ ಬಂತಂದ್ರೆ ಸಾಕು. ಒಬ್ಬೊಬ್ಬಳ ಪುಸ್ತಕದಾಗೂ ಇದರ ಎಲೆ. ಬೈಯಾಕೆ ಹೋದ್ರೆ ವಿದ್ಯೆ ಬರಲಿ ಅಂತ ಅಲ್ವಾ ಟೀಚರ್ ಅಂತಾವೆ. ಏನ್ ಹೇಳಲಿ?"

ಕೆಳಗಿನ ಕೊಂಬೆಗಳು ಆಗಲೇ ಹರಿದುಹೋಗಿದ್ದವು. ಹೀಗೇ ಬಿಟ್ಟರೆ ಇನ್ನೊಂದು ಪರೀಕ್ಷೆಗೆ ಗಿಡ ಉಳಿಯುವಂತಿರಲಿಲ್ಲ. ನಾನು ತರಗತಿಗೆ ಹೋದೆ. ಎಲೆ ಕಿತ್ತವರು ಯಾರು ಎಂದು ಕೇಳಲಿಲ್ಲ. ಚಂದ್ರಕಲಾ ಎಂಬ ಚುರುಕು ಹುಡುಗಿ ತಾನೇ ಎದ್ದು ನಿಂತಳು.

"ಸಾರ್, ಪುಸ್ತಕದಾಗೆ ಇಟ್ರೆ ವಿದ್ಯೆ ಬರ್ತೈತೆ. ಮಣ್ಣಾಗೆ ಇಟ್ರೆ ಏನ್ ಬರ್ತೈತೆ?"

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೊಂಬಣ್ಣದ ಗಿಡದ ಕುಡಿಗೇ ಬೇರು ಬರಿಸಿದರೆ ಬಣ್ಣ ಬದಲಾಗುವುದಿಲ್ಲ. ಇದು ಕೇಳಿ ಗೊತ್ತಿತ್ತು, ಮಾಡಿ ಗೊತ್ತಿರಲಿಲ್ಲ. ಹೊಸ ಸಾಹೇಬರನ್ನು ಕೇಳಿದರೆ "ಅದೆಲ್ಲ ತಂಪು ಸೀಮೆಯಲ್ಲಿ ರೀ, ನ್ಯಾಮತಿ ಬಿಸಿಲಿಗೆ ಆಗಲ್ಲ" ಎಂದರು. ಶಾಲೆಯಲ್ಲಿ ಮಾಡಬೇಡ ಎಂದು ಮಾತ್ರ ಅವರು ಹೇಳಿರಲಿಲ್ಲ.

ಶಾಲೆಯ ಹಿಂದೆ ನೆರಳಿನಲ್ಲಿ ಹೊಳೆಯ ಮರಳು ತುಂಬಿ ಸಣ್ಣ ಮಡಿ ಮಾಡಿದೆವು. ಒಬ್ಬೊಬ್ಬ ಹುಡುಗಿಗೆ ಒಂದೊಂದು ಕುಡಿ. ಕತ್ತರಿಯಲ್ಲಿ ಕತ್ತರಿಸುವಂತಿಲ್ಲ. ಕೊಂಬೆಯ ಸಿಪ್ಪೆಯ ಚೂರೊಂದು ಅಂಟಿಕೊಂಡು ಬರುವ ಹಾಗೆ ಕೆಳಕ್ಕೆ ಎಳೆದು ಬಿಡಿಸಬೇಕು. ಕುಡಿಗಳನ್ನು ಗಿಡದ ತುಂಬ ಅಲ್ಲೊಂದು ಇಲ್ಲೊಂದು ಆರಿಸಿ ನಾನೇ ಬಿಡಿಸಿಕೊಟ್ಟೆ. ಇನ್ನು ಮೇಲೆ ಅಂಗಳದ ಗಿಡ ಮುಟ್ಟುವುದಿಲ್ಲ ಎಂದು ಹುಡುಗಿಯರು ಟೀಚರಿಗೆ ಆಣೆ ಮಾಡಿದರು, ಮಾತು ಉಳಿಸಿಕೊಂಡರು. ಮಡಿಯ ಮೇಲೆ ಒದ್ದೆ ಗೋಣಿತಾಟಿನ ಚಪ್ಪರ. ಇನ್ನೇನಿದ್ದರೂ ಕಾಯುವುದು.

ನಾಲ್ಕು ತಿಂಗಳು ಕಾಯಬೇಕಿತ್ತು. ಮಕ್ಕಳಿಗೆ ನಾಲ್ಕು ದಿನ ಕಾಯುವುದೂ ಕಷ್ಟ. ಬೇರು ಬಂತೋ ಇಲ್ಲವೋ ನೋಡಲು ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಕುಡಿಗಳನ್ನು ಎತ್ತಿ ನೋಡಿ ಮತ್ತೆ ಊರುತ್ತಿದ್ದರಂತೆ. ನನಗೆ ಇದು ಗೊತ್ತಾಗುವ ಹೊತ್ತಿಗೆ ಹೆಚ್ಚುಪಾಲು ಕುಡಿಗಳು ಒಣಗಿದ್ದವು. ಒಂದು ಮೂಲೆಯಲ್ಲಿ ಒಂದೇ ಒಂದು ಗಟ್ಟಿಯಾಗಿ ನಿಂತಿತ್ತು. ಬೆರಳಿನಿಂದ ಮರಳು ಸರಿಸಿದೆ. ಅನ್ನದ ಅಗುಳಿನಷ್ಟು ಉದ್ದದ ಬಿಳಿ ಬೇರು!

"ಇದು ಯಾರದು?"

ಚಂದ್ರಕಲಾ ನಾಚಿಕೊಂಡು ಕೈಯೆತ್ತಿದಳು. "ನಂದು ಸಾರ್. ನಾನು ದಿನಾ ನೋಡ್ತಿರಲಿಲ್ಲ. ನೆಟ್ಟಿದ್ದೇ ಮರ್ತುಬಿಟ್ಟಿದ್ದೆ."

ಗಿರಿಜಮ್ಮನವರು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು. "ನನ್ನ ಕ್ಲಾಸಿನಾಗೆ ಮರೆವಿಗೆ ಮೊದಲನೇ ಬಹುಮಾನ ಸಿಕ್ಕಿದ್ದು ಇವತ್ತೇ ಕಣ್ರಿ," ಎಂದರು.

ಬೇರು ಬಂದ ಆ ಒಂದು ಕುಡಿಯನ್ನು ಮರಳು ಸಮೇತ ಡಬ್ಬಿಯಲ್ಲಿಟ್ಟು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಮರುವರ್ಷದಿಂದ ನ್ಯಾಮತಿ ನರ್ಸರಿಯಲ್ಲಿ ಹೊಂಬಣ್ಣದ ಥೂಜಾಕ್ಕೆ ಬೀಜ ಹಾಕುವುದನ್ನು ನಿಲ್ಲಿಸಿ ಕುಡಿ ಊರತೊಡಗಿದೆವು. ಅದೇ ಕಾಲಕ್ಕೆ ಮಣ್ಣಿನ ಕುಂಡ ಹೋಗಿ ಕಪ್ಪು ಪಾಲಿಥಿನ್ ಚೀಲ ಬಂತು. ಬಸ್ಸಿನಲ್ಲಿ ಒಯ್ಯುವವರಿಗೆ ಅನುಕೂಲವಾಯಿತು. ಆದರೆ ಚೀಲದೊಳಗೇ ಬೇರು ಸುತ್ತಿಕೊಂಡ ಗಿಡವನ್ನು ಹಾಗೇ ನೆಟ್ಟರೆ ಅದು ಮುಂದೆ ಬಾರದು. ನೆಡುವ ಮುಂಚೆ ಸುತ್ತು ಬಿಡಿಸಿ ಎಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು.

ಎಂಬತ್ತರ ದಶಕ ಶುರುವಾದ ಮೇಲೆ ಗಿರಿಜಮ್ಮನವರಿಗೆ ಜಗಳೂರಿಗೆ ವರ್ಗವಾಯಿತು. ಸುದ್ದಿ ತಿಳಿದ ದಿನ ಅವರು ಶಾಲೆಯ ಬಗ್ಗೆ ಕೇಳಲಿಲ್ಲ, ಮನೆಯ ಬಗ್ಗೆ ಕೇಳಲಿಲ್ಲ. "ತಿಪ್ಪೇಶಪ್ಪ, ಇಷ್ಟು ದೊಡ್ಡ ಗಿಡ ಕಿತ್ತು ಒಯ್ಯಾಕೆ ಆಗ್ತೈತಾ?" ಎಂದು ಕೇಳಿದರು.

ಗಿಡ ಆಗ ಸೊಂಟದೆತ್ತರ. ಅಷ್ಟು ವಯಸ್ಸಿನ ಥೂಜಾವನ್ನು ನಾನು ಎಂದೂ ಕಿತ್ತು ನೆಟ್ಟಿರಲಿಲ್ಲ. ಅದರ ಮೇಲೆ ಮನೆಯ ಮಾಲೀಕರು, ಮಲ್ಲೇಶಪ್ಪ ಎಂಬ ಅಡಿಕೆ ವ್ಯಾಪಾರಿ, ತಕರಾರು ತೆಗೆದರು. ಅಂಗಳದಲ್ಲಿ ಕುರ್ಚಿ ಹಾಕಿ ಕೂತು ನನಗೇ ಸವಾಲು ಹಾಕಿದರು.

"ಗಿಡ ಟೀಚರಮ್ಮಂದು ಇರಬೌದು. ಬೇರು ನನ್ನ ನೆಲದಾಗೆ ಐತಲ್ಲ? ನೀನು ಕಿತ್ತು ಒಣಗಿಸಿಬಿಟ್ರೆ ಅವರಿಗೂ ಇಲ್ಲ, ನನಗೂ ಇಲ್ಲ. ಬದುಕ್ತೈತೆ ಅಂತ ಮಾತು ಕೊಡು, ಒಯ್ಯಿ."

ಕೊಡಬಹುದಾದ ಮಾತಾಗಿರಲಿಲ್ಲ ಅದು. "ಬದುಕ್ತೈತೆ ಅಂತ ಹೇಳಾಕೆ ಆಗಲ್ಲ ಯಜಮಾನ್ರೆ. ಬದುಕಿಸಾಕೆ ಏನೇನು ಮಾಡಬೇಕೋ ಅದನ್ನೆಲ್ಲ ಮಾಡ್ತೀನಿ," ಎಂದೆ. ಅವರು ಗಿರಿಜಮ್ಮನವರ ಕಡೆ ತಿರುಗಿದರು. ಟೀಚರು ಮೆಲ್ಲಗೆ ಹೇಳಿದರು: "ನಾನು ಈ ಊರಿಗೆ ಬಂದಾಗ ನನ್ನೋರು ಅಂತ ಯಾರೂ ಇರಲಿಲ್ಲ ಅಣ್ಣಾರೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಇದಿತ್ತು."

ಮಲ್ಲೇಶಪ್ಪ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಬಾಯಿಗಿಟ್ಟರು. ಆಮೇಲೆ "ನಮ್ಮ ಲಾರಿ ದಾವಣಗೆರೆಗೆ ಹೋಗ್ತೈತೆ. ಜಗಳೂರಿನ ತನಕಾ ಹೋಗಿ ಬರಲಿ," ಎಂದು ಎದ್ದುಹೋದರು.

ಆ ಮಳೆಗಾಲ ಪೂರ್ತಿ ತಯಾರಿ ನಡೆಯಿತು. ಗಿಡದ ಸುತ್ತ ಅರ್ಧ ಸುತ್ತು ಕಾಲುವೆ ತೋಡಿ ಬೇರು ಕತ್ತರಿಸಿ ಗೊಬ್ಬರದ ಮಣ್ಣು ತುಂಬಿದೆ. ತಿಂಗಳು ಬಿಟ್ಟು ಇನ್ನರ್ಧ. ಹಾಗೆ ಮಾಡಿದರೆ ಕತ್ತರಿಸಿದ ಕಡೆ ಎಳೆ ಬೇರು ಒಡೆದು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಟೀಚರು ಜಗಳೂರಿನಲ್ಲಿ ಕೆಲಸಕ್ಕೆ ಹಾಜರಾಗಿ, ಬಾಡಿಗೆ ಮನೆ ಮಾಡಿ, ಗಿಡಕ್ಕಾಗಿ ಒಂದು ಶನಿವಾರ ಮತ್ತೆ ಬಂದರು. ನಾಲ್ವರು ಗೋಣಿತಾಟು ಸುತ್ತಿದ ಮಣ್ಣುಗಡ್ಡೆಯನ್ನು ಎತ್ತಿದೆವು. ಲಾರಿಯ ಹಲಗೆಯ ಮೇಲಿಡುವಾಗ ಒಬ್ಬನ ಕೈ ಜಾರಿ, ಒಂದು ಮಗ್ಗುಲಿನ ಮಣ್ಣು ದಬ್ಬನೆ ಉದುರಿತು. ಬೇರುಗಳು ಬೆತ್ತಲಾಗಿ ಗಾಳಿಗೆ ನಿಂತವು. ಟೀಚರು ಕಣ್ಣು ಮುಚ್ಚಿಕೊಂಡರು.

ಲಾರಿಯ ಡ್ರೈವರ್ ಖಾದರ್ ಸಾಬರು ಕೆಳಗಿಳಿದು ಬಂದರು. "ಕಾಲಿಗೆ ಪೆಟ್ಟಾದ್ರೆ ಏನ್ ಮಾಡ್ತೀರಿ? ಪಟ್ಟು ಹಾಕಲ್ವೇನ್ರಿ? ಹೊಳೆ ಇಲ್ಲೇ ಐತೆ, ನಡೀರಿ," ಎಂದು ಲಾರಿಯನ್ನು ತುಂಗಭದ್ರೆಯ ದಡಕ್ಕೆ ಬಿಟ್ಟರು. ಬಕೆಟ್ಟಿನಲ್ಲಿ ಹೊಳೆಯ ಮೆಕ್ಕಲು ಕಲಸಿ ಬೇರಿಗೆ ದಪ್ಪವಾಗಿ ಮೆತ್ತಿ, ಖಾದರ್ ಸಾಬರ ಹಳೆಯ ಲುಂಗಿ ಸುತ್ತಿ, ಹುರಿ ಬಿಗಿದೆವು. ಅವರು ಎಷ್ಟು ನಿಧಾನವಾಗಿ ಓಡಿಸಿದರೆಂದರೆ ದಾರಿಯಲ್ಲಿ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಿದ್ದರು. "ನಗಲಿ ಬಿಡ್ರಿ. ಅವರ ಗಾಡೀಲಿ ಪೇಷೆಂಟಿಲ್ಲ," ಎನ್ನುತ್ತಿದ್ದರು ಸಾಬರು. ದೀಪ ಹಚ್ಚುವ ಹೊತ್ತಿಗೆ ಜಗಳೂರಿನ ಅಂಗಳದಲ್ಲಿ ಗಿಡ ನಿಂತಿತು. ಆರು ತಿಂಗಳು ಅದು ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಏಳನೆಯ ತಿಂಗಳು ತುದಿಯಲ್ಲಿ ಹೊಸ ಹೊಂಬಣ್ಣ ಮೂಡಿತು ಎಂದು ಟೀಚರಿಂದ ಕಾರ್ಡು ಬಂತು. ಆ ಕಾರ್ಡನ್ನು ನಾನು ಮಲ್ಲೇಶಪ್ಪನವರ ಅಂಗಡಿಗೂ ಒಯ್ದು ಓದಿ ಹೇಳಿದೆ.

ಮುಂದೆ ನನಗೂ ಜಗಳೂರಿಗೆ ವರ್ಗವಾದಾಗ ಜೊತೆಯವರು ಸಮಾಧಾನ ಹೇಳಲು ಬಂದರು. ಬಿಸಿಲು, ನೀರಿಲ್ಲದ ಊರು ಎಂದು ಯಾರೂ ಇಷ್ಟಪಡದ ಜಾಗ ಅದು. ನನಗೋ ಒಳಗೊಳಗೇ ಖುಷಿ. ಆದರೆ ಹೋಗಿ ನೋಡಿದ ಮೊದಲ ಬೇಸಿಗೆಯಲ್ಲೇ ಟೀಚರ ಗಿಡದ ಒಳಭಾಗ ತುಕ್ಕು ಹಿಡಿದಂತೆ ಕೆಂಪಾಗತೊಡಗಿತು. ನೀರು ಸಾಲದೆಂದು ಬುಡಕ್ಕೆ ಹೊಯ್ಯಿಸಿದೆ. ಇನ್ನಷ್ಟು ಕೆಂಪಾಯಿತು. ಇದು ನನ್ನ ಮೂರನೆಯ ತಪ್ಪು.

ಒಂದು ಬೆಳಿಗ್ಗೆ ಟೀಚರು ಕೊಂಬೆ ಸರಿಸಿ ನೋಡುವಾಗ ಅವರ ಬಿಳಿ ಸೀರೆಯ ಸೆರಗು ಎಲೆಗೆ ಉಜ್ಜಿತು. ಸೆರಗಿನ ಮೇಲೆ ಕುಂಕುಮದ ಪುಡಿಯಂಥ ಚುಕ್ಕೆಗಳು. "ತಿಪ್ಪೇಶಪ್ಪ, ಇವು ನಡೀತಾ ಅದಾವೆ ನೋಡಿ!" ಎಂದರು. ಕೆಂಪು ನುಸಿ! ಒಣಗಾಳಿಗೆ ಹುಟ್ಟುವ ಈ ಹುಳು ಎಲೆಯ ರಸ ಹೀರುತ್ತಿತ್ತು. ನಾನು ಬುಡಕ್ಕೆ ನೀರು ಹೊಯ್ಯುತ್ತಿದ್ದೆ. ನೀರು ಬೇಕಿದ್ದದ್ದು ಎಲೆಗೆ. ದಿನಾ ಬೆಳಿಗ್ಗೆ ಗಿಡದ ಒಳಗೂ ಹೊರಗೂ ಜೋರಾಗಿ ಎರಚಿ ತೊಳೆಯಬೇಕು. ಆದರೆ ಆ ಬೀದಿಗೆ ನಲ್ಲಿ ನೀರು ಬರುತ್ತಿದ್ದುದೇ ಎರಡು ದಿನಕ್ಕೊಮ್ಮೆ.

ಎದುರು ಮನೆಯ ಹನುಮಕ್ಕ, ಬೀದಿಗೆಲ್ಲ ಹಿರಿಯಳು, ನಮ್ಮ ಮಾತು ಕೇಳಿಸಿಕೊಂಡು ಬಂದಳು. "ಮನೆಗೊಂದು ಚೊಂಬು ಅಂದ್ರೆ ಎರಡು ಕೊಡ ಆಗ್ತೈತೆ. ನಮ್ಮ ಮಕ್ಕಳಿಗೆ ಅಕ್ಷರ ಕಲಿಸೋರ ಗಿಡ. ಒಂದು ಚೊಂಬು ನೀರಿಗೆ ನಾವೇನು ಬಡವರಾಗಲ್ಲ ಬಿಡ್ರಿ," ಎಂದಳು. ಮರುದಿನದಿಂದ ಬೆಳಿಗ್ಗೆ ಹೆಂಗಸರು ಚೊಂಬು ಹಿಡಿದು ಬಂದು, ತಾವೇ ಎರಚಿ, ಟೀಚರ ಹತ್ತಿರ ಎರಡು ಮಾತಾಡಿ ಹೋಗತೊಡಗಿದರು. ತಿಂಗಳೊಳಗೆ ಗಿಡ ಚೇತರಿಸಿಕೊಂಡಿತು. ಮೂರು ವರ್ಷ ಆ ಪದ್ಧತಿ ನಡೆಯಿತು.

ಮೂರನೆಯ ವರ್ಷ ಗಿಡದಲ್ಲಿ ಮೊದಲ ಸಲ ಕಾಯಿ ಕಟ್ಟಿತು. ಥೂಜಾದ ಕಾಯಿ ಬಟಾಣಿಗಿಂತ ಸ್ವಲ್ಪ ದೊಡ್ಡದು, ನೀಲಿ ಬೂದಿ ಬಣ್ಣ, ಮೈಮೇಲೆ ಸಣ್ಣ ಕೊಂಬುಗಳು. ಹನುಮಕ್ಕ ನೋಡಿದವಳೇ ಸೊಂಟಕ್ಕೆ ಕೈಯಿಟ್ಟು ಘೋಷಿಸಿದಳು: "ನಮ್ಮ ಕೈಯಾಗೆ ಸ್ನಾನ ಮಾಡ್ಕಂಡು ಬೆಳೆದ ಹುಡುಗಿ ಬಸುರಾಗ್ಯಾಳೆ. ಸೀಮಂತ ಮಾಡಬೇಕೋ ಬ್ಯಾಡೋ?"

ಎಲ್ಲರೂ ನಕ್ಕರು. ಆದರೆ ಭಾನುವಾರ ಬೆಳಿಗ್ಗೆ ನಿಜವಾಗಿಯೂ ಬಂದರು. ಯಾರೋ ಹೋಳಿಗೆ ತಂದರು, ಯಾರೋ ಹೂವು. ಬುಡಕ್ಕೆ ರಂಗೋಲಿ ಬಿಟ್ಟರು. ಕೊಂಬೆಗೆ ಸಡಿಲವಾಗದಂತೆ ಕೂಸಿನ ಅಳತೆಯ ಒಂದು ಡಜನ್ ಹಸಿರು ಗಾಜಿನ ಬಳೆ ಬಂತು. ಗಿರಿಜಮ್ಮನವರು ಆ ಹೊತ್ತಿಗೆ ಒಳಬಾಗಿಲ ಹತ್ತಿರ ಸರಿದು ನಿಂತಿದ್ದರು. ಅಂಥ ಶಾಸ್ತ್ರಗಳಲ್ಲಿ ಹಾಗೆ ನಿಲ್ಲುವುದು ಅವರಿಗೆ ರೂಢಿಯಾಗಿತ್ತು. ಹನುಮಕ್ಕ ಅತ್ತಿತ್ತ ನೋಡಿ ಅವರನ್ನು ಕಂಡಳು.

"ಅಲ್ಲೇನ್ ಮಾಡ್ತೀರಿ ಟೀಚರಮ್ಮ? ಮಗಳ ಸೀಮಂತಕ್ಕೆ ತಾಯಿನೇ ದೂರ ನಿಂತ್ರೆ ಹೆಂಗೆ? ಮೊದಲನೇ ಬಳೆ ನಿಮ್ದು. ಬರ್ರಿ."

"ಬ್ಯಾಡ ಹನುಮಕ್ಕ, ನೀವೇ ತೊಡಸ್ರಿ. ನಾನು..."

"ನೀವು ಅಂದ್ರೆ ಏನು? ಈ ಬೀದಿಯಾಗೆ ಆ ಮಾತು ಯಾರಾದ್ರೂ ಆಡಿದ್ರೆ ನನ್ನ ಹತ್ರ ಕಳಿಸ್ರಿ." ಹನುಮಕ್ಕ ಅವರ ಕೈ ಹಿಡಿದು ಕರೆತಂದು ಅಂಗೈಯಲ್ಲಿ ಬಳೆ ಇಟ್ಟಳು. ನಾನು ಕೊಂಬೆಯೊಂದರ ಎಲೆಗಳನ್ನು ಒಟ್ಟುಗೂಡಿಸಿ ಹಿಡಿದುಕೊಂಡೆ. ಗಿರಿಜಮ್ಮನವರು ಬಳೆಯನ್ನು ಕಡ್ಡಿಯ ತನಕ ಜಾರಿಸಿದರು. ಆಮೇಲೆ ಎಲ್ಲರೂ ಒಬ್ಬರಾದ ಮೇಲೊಬ್ಬರು ತೊಡಿಸಿದರು. ಹೋಳಿಗೆ ತಿನ್ನುತ್ತಾ ಟೀಚರು ಎಷ್ಟು ನಕ್ಕರೆಂದರೆ ಹೊನ್ನಾಳಿಯಲ್ಲೂ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಬಳೆಗಳನ್ನು ಯಾರೂ ತೆಗೆಯಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಜಗಳೂರಿನಿಂದ ಮತ್ತೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ಗಿಡವನ್ನು ಕೊನೆಯ ಸಲ ಬಿಡಿಸಿ ನೋಡುತ್ತಿದ್ದಾಗ ಒಳಗಿನ ಕೊಂಬೆಯ ಬುಡದಲ್ಲಿ ಒಂದು ಬಳೆ ಎರಡು ತುಂಡಾಗಿ ಸಿಕ್ಕಿಕೊಂಡಿತ್ತು. ಯಾರೂ ತಾಕಿಸಿದ್ದಲ್ಲ. ಕಡ್ಡಿ ದಪ್ಪವಾಗುತ್ತಾ ಬಳೆಯನ್ನು ತುಂಬಿಕೊಂಡು ಒಳಗಿನಿಂದಲೇ ಸೀಳಿತ್ತು.

"ಟೀಚರ್, ನೀವು ತೊಡಿಸಿದ್ದು ಇದೇ ಇರಬೇಕು. ಒಡೆದುಹೋಗಿದೆ," ಎಂದು ತುಂಡುಗಳನ್ನು ಅವರ ಕೈಗೆ ಕೊಟ್ಟೆ.

ಅವರು ಅವನ್ನು ಬೆಳಕಿಗೆ ಹಿಡಿದು ನೋಡಿದರು. ಆ ಕೊಂಬೆಯ ಬುಡವನ್ನು ಎರಡು ಬೆರಳಿನಿಂದ ಅಳೆದು ನೋಡಿದರು.

"ಬಳೆ ಒಡೀತು ಅನ್ನಬಾರದು ತಿಪ್ಪೇಶಪ್ಪ," ಎಂದರು ಗಿರಿಜಮ್ಮ. "ಹೆಚ್ಚಿತು ಅನ್ನಬೇಕು."